ಏಳು ಗಿಡ್ಡ, ಒಂದು ಉದ್ದ

ಕ್ರೂಸ್ ಹಡಗಿನಲ್ಲಿ ದುಡಿದವರಿಗೆ ಟರ್ನ್‌ಅರೌಂಡ್ ದಿನ ಎಂದರೇನೆಂದು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಹತ್ತರೊಳಗೆ ಮೂರು ಸಾವಿರ ಜನ ಇಳಿದು ಹೋಗಬೇಕು. ಹನ್ನೆರಡರ ಹೊತ್ತಿಗೆ ಇನ್ನೊಂದು ಮೂರು ಸಾವಿರ ಹತ್ತಲು ಶುರು. ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಎದ್ದ ಮೇಲೆ ಎಲೆ ತೆಗೆದು, ನೆಲ ಒರೆಸಿ, ಎರಡನೇ ಪಂಕ್ತಿಗೆ ಎಲೆ ಹಾಕುವಷ್ಟೇ ಪುರುಸೊತ್ತು. ಅಷ್ಟರಲ್ಲಿ ಹಾಸಿಗೆ ಬಟ್ಟೆ ಬದಲಾಗಬೇಕು, ವಾರದ ದಿನಸಿ ಒಳಗೆ ಬರಬೇಕು, ಕಾಂಟ್ರ್ಯಾಕ್ಟ್ ಮುಗಿದ ನಮ್ಮವರು ಸೈನ್ ಆಫ್ ಆಗಿ ಹೊಸಬರು ಸೈನ್ ಆನ್ ಆಗಬೇಕು. ಈ ಗದ್ದಲದ ನಡುವೆ ಎಲ್ಲಿಗೂ ಹೋಗದೆ ಉಳಿಯುವ ಒಂದಷ್ಟು ಜನ ಇರುತ್ತಾರೆ. ಒಂದು ಯಾನದ ಬೆನ್ನಿಗೇ ಅದೇ ಹಡಗಿನ ಮುಂದಿನ ಯಾನಕ್ಕೂ ಟಿಕೆಟ್ ಕೊಂಡವರು. ನಾವು ಅವರನ್ನು 'ಬ್ಯಾಕ್ ಟು ಬ್ಯಾಕ್' ಅನ್ನುತ್ತಿದ್ದೆವು. ಹೆಚ್ಚಿನವರು ನಿವೃತ್ತರು, ಹಡಗಿನ ಮೂಲೆಮೂಲೆ ಬಲ್ಲವರು, ನಮ್ಮ ಹೆಸರು ಹಿಡಿದು ಕರೆಯುವವರು. ಅಮೆರಿಕದ ಬಂದರಾದರೆ ಇವರನ್ನೂ ಒಂದು ಲೌಂಜಿನಲ್ಲಿ ಕೂಡಿಸಿ, ಸಾಲಾಗಿ ಕೆಳಗಿಳಿಸಿ, ಹಡಗಿನಲ್ಲಿ ಪ್ರಯಾಣಿಕರ ಲೆಕ್ಕ ಸೊನ್ನೆಗೆ ಬಂದ ಮೇಲೆ ಪಾಸ್‌ಪೋರ್ಟ್ ತೋರಿಸಿ ಮತ್ತೆ ಹತ್ತಿಸುವುದು ಪದ್ಧತಿ. ಹಾಗೆ ಹತ್ತಿ ಬಂದವರ ಬಾಯಲ್ಲಿ ಒಂದೇ ಪ್ರಶ್ನೆ, ಅಪಾಯದ ಅಭ್ಯಾಸದ, ಅಂದರೆ ಡ್ರಿಲ್ಲಿನ ಬಗ್ಗೆ: "ಹೋದ ವಾರವೇ ಡ್ರಿಲ್ ಮಾಡಿದ್ದೇವಲ್ಲ, ಮತ್ತೆ ಬರಬೇಕಾ?"

ನಾನು ಕೋಟದ ಕಡೆಯವ. ಮುಂಬಯಿಯ ಮಾಟುಂಗದಲ್ಲಿ ಮಾವನ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಾ, ಆಮೇಲೆ ಗಲ್ಲಾದಲ್ಲಿ ಕೂರುತ್ತಾ ಕೆಲಸ ಕಲಿತು, ಅಲ್ಲಿಂದ ಹಡಗಿನ ಡೈನಿಂಗ್ ಹಾಲಿಗೆ ವೇಟರ್ ಆಗಿ ಹೋದವನು. ಪ್ರಯಾಣಿಕರ ಹಡಗಿನಲ್ಲಿ ಪ್ರತಿಯೊಬ್ಬನಿಗೂ ಎರಡು ಕೆಲಸ. ಒಂದು ಸಂಬಳದ್ದು. ಇನ್ನೊಂದು, ಅಪಾಯ ಬಂದರೆ ಮಾಡಬೇಕಾದ್ದು. ಕ್ಷೌರದವನು ಸ್ಟ್ರೆಚರ್ ಹೊರಬೇಕು, ಪಿಯಾನೊ ನುಡಿಸುವವನು ಮೆಟ್ಟಿಲ ಬಳಿ ನಿಂತು ದಾರಿ ತೋರಿಸಬೇಕು. ನನ್ನದು ಮಸ್ಟರ್ ಸ್ಟೇಷನ್ನು, ಅಂದರೆ ಅಪಾಯ ಬಂದಾಗ ಪ್ರಯಾಣಿಕರು ಸೇರಬೇಕಾದ ಜಾಗ: ಒಂದು ಅಕ್ಷರ ಬರೆದ ಬೋರ್ಡಿನ ಕೆಳಗೆ ಪಟ್ಟಿ ಹಿಡಿದು ನಿಂತು, ಕ್ಯಾಬಿನ್ ನಂಬರ್ ಕೂಗಿ, ಬಂದವರಿಗೆ ಗುರುತು ಹಾಕುವುದು. ಹಾಗಾಗಿ ಆ ಪ್ರಶ್ನೆ ಕೊನೆಗೆ ಬಂದು ಬೀಳುತ್ತಿದ್ದದ್ದು ನನ್ನಂಥವರ ಕಿವಿಗೇ. ಬರಬೇಕು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಹೇಳಬಹುದು. ಆದರೆ ಆ ಒಂದು ಮಾತು ಯಾವ ಯಾವ ಹಡಗುಗಳು ಮುಳುಗಿದ ಮೇಲೆ ರೂಪುಗೊಂಡಿತು ಎಂದು ಕೇಳಿದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಟೈಟಾನಿಕ್‌ನಿಂದ ಶುರು ಮಾಡಿದರೆ ಓದುಗರು ಆಕಳಿಸಬಹುದು. ಆದರೂ ಅದನ್ನು ದಾಟಿ ಹೋಗುವ ಹಾಗಿಲ್ಲ. 1912ರ ಏಪ್ರಿಲ್ 14ರ ರಾತ್ರಿ ಆ ಹಡಗಿನಲ್ಲಿದ್ದವರು ಸುಮಾರು 2,200 ಮಂದಿ. ಇದ್ದ 20 ದೋಣಿಗಳಲ್ಲಿ ಜಾಗ 1,178 ಜನರಿಗೆ. ಇದು ಕಾನೂನಿಗೆ ವಿರುದ್ಧವಾಗಿರಲಿಲ್ಲ. 10,000 ಟನ್ನಿಗೆ ಮೀರಿದ ಹಡಗಿಗೆ 16 ದೋಣಿ ಸಾಕು ಎನ್ನುವ ಬ್ರಿಟಿಷ್ ನಿಯಮ ಬಂದ ಕಾಲಕ್ಕೆ 46,000 ಟನ್ನಿನ ಹಡಗನ್ನು ಯಾರೂ ಊಹಿಸಿರಲಿಲ್ಲ. ದೋಣಿ ಕಡಿಮೆ ಇತ್ತೆಂಬುದು ಎಲ್ಲರಿಗೂ ಗೊತ್ತು. ಇದ್ದ ದೋಣಿಗಳೂ ತುಂಬಲಿಲ್ಲ ಎನ್ನುವುದು ನಮ್ಮ ಕೆಲಸಕ್ಕೆ ಹೆಚ್ಚು ಹತ್ತಿರದ ಸಂಗತಿ. ಮೊದಲು ಇಳಿದ ದೋಣಿಯಲ್ಲಿ 65 ಜನ ಕೂರಬಹುದಿತ್ತು, ಮೂವತ್ತು ಮಂದಿಯೂ ಇರಲಿಲ್ಲ. ಸೌತಾಂಪ್ಟನ್ ಬಿಡುವ ಮೊದಲು ಅಧಿಕಾರಿಯೊಬ್ಬರ ಎದುರು ಎರಡು ದೋಣಿಗಳನ್ನು ಕೆಲವೇ ಸಿಬ್ಬಂದಿ ಇಳಿಸಿ ಎತ್ತಿ ತೋರಿಸಿದ್ದರು. ಪರೀಕ್ಷೆ ಅಲ್ಲಿಗೆ ಮುಗಿದಿತ್ತು. ನಿಮ್ಮದು ಇಂಥ ದೋಣಿ ಎಂದು ಪ್ರಯಾಣಿಕರಿಗೆ ಯಾರೂ ಹೇಳಿರಲಿಲ್ಲ. ಇಡೀ ಹಡಗಿಗೆ ಕೇಳಿಸುವ ಎಚ್ಚರಿಕೆಯ ಗಂಟೆಯೂ ಮೊಳಗಲಿಲ್ಲ. ಸ್ಟೀವರ್ಡುಗಳು ಬಾಗಿಲು ಬಾಗಿಲು ತಟ್ಟಿ ಎಬ್ಬಿಸಿದರು. ಬೆಚ್ಚಗಿನ, ದೀಪ ಉರಿಯುತ್ತಿದ್ದ ಹಡಗು ಬಿಟ್ಟು ಕತ್ತಲಲ್ಲಿ ಹಗ್ಗಕ್ಕೆ ತೂಗುವ ದೋಣಿ ಹತ್ತಿ ಅಂದರೆ ಯಾರು ತಾನೇ ಹತ್ತುತ್ತಾರೆ?

1914ರ ಜನವರಿ 20ರಂದು ಲಂಡನ್ನಿನಲ್ಲಿ 13 ದೇಶಗಳು ಸೇರಿ ಒಪ್ಪಂದವೊಂದಕ್ಕೆ ಸಹಿ ಹಾಕಿದವು. ಸೋಲಾಸ್ (ಸಮುದ್ರದಲ್ಲಿ ಜೀವ ಸುರಕ್ಷತೆ) ಎಂದು ಇವತ್ತಿಗೂ ನಮ್ಮ ಬಾಯಲ್ಲಿ ಓಡಾಡುವ ಹೆಸರಿನ ಮೊದಲ ಪುಸ್ತಕ ಅದು. ಮಹಾಯುದ್ಧ ಬಂದು ಅದು ಜಾರಿಗೇ ಬರಲಿಲ್ಲ. ಆದರೆ ದೋಣಿಗಳ ಲೆಕ್ಕ ಮಾತ್ರ ಎಲ್ಲರಿಗೂ ತಲೆಗೆ ಹತ್ತಿತ್ತು. ಅದರಿಂದಲೂ ಅನಾಹುತ ಆಯಿತು ನೋಡಿ: 1915ರ ಜುಲೈ 24ರಂದು ಷಿಕಾಗೊ ನದಿಯಲ್ಲಿ, ದಡಕ್ಕೆ ಕಟ್ಟಿದ್ದ ಈಸ್ಟ್‌ಲ್ಯಾಂಡ್ ಎಂಬ ಹಡಗು ಮಗುಚಿ 844 ಜನ ಸತ್ತರು. ಮೊದಲೇ ವಾಲುವ ಚಾಳಿಯ ಹಡಗು. ಅದರ ಮೇಲೆ ಹೆಚ್ಚುವರಿ ದೋಣಿ, ತೆಪ್ಪಗಳನ್ನು ಹೇರಿದ್ದರು.

ಅದಕ್ಕೆ ಎರಡು ತಿಂಗಳ ಹಿಂದೆ, ಮೇ 7ರಂದು, ಐರ್ಲೆಂಡಿನ ಕರಾವಳಿಯ ಹತ್ತಿರ ಜರ್ಮನ್ ಜಲಾಂತರ್ಗಾಮಿಯ ಟಾರ್ಪೆಡೊ ತಗಲಿ ಲುಸಿಟಾನಿಯಾ 18 ನಿಮಿಷದಲ್ಲಿ ಮುಳುಗಿತು. ಅದರಲ್ಲಿ ದೋಣಿಗೆ ಕೊರತೆ ಇರಲಿಲ್ಲ, 48 ಇದ್ದವು. ಸರಿಯಾಗಿ ನೀರಿಗಿಳಿದು ತೇಲಿದ್ದು ಆರು. ದಿನಕ್ಕೊಮ್ಮೆ ಡ್ರಿಲ್ ನಡೆಯುತ್ತಿತ್ತಂತೆ: ಆರಿಸಿದ ಕೆಲವು ನಾವಿಕರು ಲೈಫ್ ಬೆಲ್ಟ್ ಕಟ್ಟಿಕೊಂಡು ಒಂದು ದೋಣಿಗೆ ಹಾರುವುದು, ಕೂರುವುದು, ಮತ್ತೆ ಇಳಿಯುವುದು. ಪ್ರಯಾಣಿಕರು ನಿಂತು ನೋಡುವುದು. ಆಮೇಲೆ ಸಿಕ್ಕ ಎಷ್ಟೋ ಶವಗಳ ಮೈಮೇಲೆ ಲೈಫ್ ಬೆಲ್ಟ್ ತಲೆಕೆಳಗಾಗಿಯೋ ಹಿಂದುಮುಂದಾಗಿಯೋ ಇತ್ತು. ಸುಮಾರು 1,200 ಜನ ಸತ್ತ ದುರಂತದಲ್ಲಿ ಇದೊಂದು ಸಣ್ಣ ವಿವರ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಹೊಸ ಪ್ರಯಾಣಿಕರ ಕೈಗೆ ಜಾಕೆಟ್ ಕೊಟ್ಟು ನೋಡಿ: ಡಾಕ್ಟರಾಗಲಿ, ಇಂಜಿನಿಯರಾಗಲಿ, ತಲೆ ತೂರಿಸುವ ತೂತಿಗೆ ಕೈ ತೂರಿಸುವವರು ಇಬ್ಬರು ಮೂವರಾದರೂ ಇರುತ್ತಾರೆ.

ನನ್ನ ಮಟ್ಟಿಗೆ ಡ್ರಿಲ್ಲಿನ ಇತಿಹಾಸದ ನಡುಗಂಬ ಎಂದರೆ ಮಾರೊ ಕ್ಯಾಸಲ್. ಕಾರಣ, ಅದು ನಮ್ಮ ಥರದ್ದೇ ಹಡಗು. ನ್ಯೂಯಾರ್ಕಿನಿಂದ ಹವಾನಾಕ್ಕೆ ಹೋಗಿ ಬರುವುದು, ಮತ್ತೆ ಹೊರಡುವುದು. ಅಮೆರಿಕದಲ್ಲಿ ಮದ್ಯ ನಿಷೇಧವಿದ್ದ ಕಾಲದಲ್ಲಿ ಕುಡಿದು ಕುಣಿಯಲು ಜನ ಈ ಹಡಗು ಹತ್ತುತ್ತಿದ್ದರು. 1934ರ ಸೆಪ್ಟೆಂಬರ್ 7ರ ಸಂಜೆ, ವಾಪಸು ಬರುವ ದಾರಿಯಲ್ಲಿ, ಕ್ಯಾಪ್ಟನ್ ರಾಬರ್ಟ್ ವಿಲ್ಮಟ್ ತನ್ನ ಕ್ಯಾಬಿನ್ನಿನಲ್ಲೇ ಸತ್ತು ಬಿದ್ದಿದ್ದರು. ಚೀಫ್ ಆಫೀಸರ್ ವಿಲಿಯಂ ವಾರ್ಮ್ಸ್ ಹಡಗಿನ ಹೊಣೆ ಹೊತ್ತು ಕೆಲವೇ ಗಂಟೆ ಆಗಿತ್ತು. ಬೆಳಗಿನ ಜಾವ ಮೂರರ ಸುಮಾರಿಗೆ ರೈಟಿಂಗ್ ರೂಮಿನ ಕಪಾಟೊಂದರಲ್ಲಿ ಬೆಂಕಿ ಕಂಡಿತು. ಮರದ ಹಲಗೆ, ಪಾಲಿಶ್, ಪರದೆ, ಎಲ್ಲವೂ ಉರಿಯುವಂಥದ್ದೇ, ಜೊತೆಗೆ ಬಿರುಗಾಳಿ. ಪ್ರಯಾಣಿಕರು ಹೊಗೆಗೆ ಹೆದರಿ ಹಿಂಬದಿಗೆ ಓಡಿದರು. ದೋಣಿಗಳಿದ್ದದ್ದು ಬೆಂಕಿಯ ಆಚೆ. ಇದ್ದ 12 ದೋಣಿಗಳಲ್ಲಿ ಆರು ಇಳಿದವು. ಅವುಗಳಲ್ಲಿ ಹೋದವರು ಸುಮಾರು 85 ಮಂದಿ, ಬಹುಪಾಲು ಸಿಬ್ಬಂದಿ. ಹಡಗಿನಲ್ಲಿದ್ದ 549 ಜನರಲ್ಲಿ 137 ಮಂದಿ ಸತ್ತರು.

ಪ್ರಯಾಣಿಕರಿಗೆ ಡ್ರಿಲ್ ಮಾಡಿಸಿರಲಿಲ್ಲ. ರಜೆಗೆ ಬಂದವರಿಗೆ ಸಾವಿನ ನೆನಪು ಮಾಡಿಸಬಾರದು ಎನ್ನುವುದು ಆ ಕಾಲದ ಸೌಜನ್ಯ. ಈ ಸೌಜನ್ಯ ಇನ್ನೂ ಪೂರ್ತಿ ಹೋಗಿಲ್ಲ. ಡ್ರಿಲ್ಲಿನ ಅರ್ಧ ಗಂಟೆ ಬಾರ್ ಮುಚ್ಚುವುದಕ್ಕೆ ಹೊಟ್ಟೆ ಉರಿದುಕೊಳ್ಳುವ ಮ್ಯಾನೇಜರುಗಳನ್ನು ನಾನೇ ಕಂಡಿದ್ದೇನೆ.

ಮಾರೊ ಕ್ಯಾಸಲ್‌ನ ಹಿಂಬದಿಯಿಂದ ನೀರಿಗೆ ಹಾರಿದವರಲ್ಲಿ ಎಷ್ಟೋ ಜನರನ್ನು ಕೊಂದದ್ದು ಅವರು ತೊಟ್ಟಿದ್ದ ಜಾಕೆಟ್ಟೇ. ಆಗಿನ ಜಾಕೆಟ್ಟಿನ ಒಳಗೆ ಬಿರಟೆಯ ಗಟ್ಟಿ ತುಂಡುಗಳು. ಎತ್ತರದಿಂದ ಬಿದ್ದಾಗ ಮೈ ಕೆಳಗೆ ಹೋಗುತ್ತದೆ, ಬಿರಟೆ ಮೇಲಕ್ಕೇ ಎಗರುತ್ತದೆ, ಗದ್ದಕ್ಕೆ ಬಡಿಯುತ್ತದೆ. ಕತ್ತು ಮುರಿಯುತ್ತಿತ್ತು, ಇಲ್ಲವೇ ಪ್ರಜ್ಞೆ ತಪ್ಪುತ್ತಿತ್ತು. ಹಡಗು ಸೇರುವ ಮೊದಲು ನಾವೆಲ್ಲ ಮಾಡಲೇಬೇಕಾದ ಕೋರ್ಸಿನಲ್ಲಿ ಈಜುಕೊಳದ ಎತ್ತರದ ಹಲಗೆಯ ಮೇಲೆ ನಿಲ್ಲಿಸಿ ಹೇಳಿಕೊಡುವುದು ಇದನ್ನೇ. ಒಂದು ಕೈಯಿಂದ ಮೂಗು ಬಾಯಿ ಮುಚ್ಚಬೇಕು, ಇನ್ನೊಂದು ಕೈಯನ್ನು ಅಡ್ಡ ತಂದು ಜಾಕೆಟ್ಟನ್ನು ಕೆಳಕ್ಕೆ ಒತ್ತಿ ಹಿಡಿಯಬೇಕು, ಕೆಳಗೆ ಯಾರಿದ್ದಾರೆಂದು ನೋಡಿ ತಲೆ ಎತ್ತಬೇಕು, ಹಾರಬಾರದು, ಒಂದು ಹೆಜ್ಜೆ ಮುಂದಿಡಬೇಕು, ಬೀಳುವಾಗ ಕಾಲು ಜೋಡಿಸಬೇಕು. ಗಂಗೊಳ್ಳಿಯ ಹುಡುಗನೊಬ್ಬ ನನ್ನ ಬ್ಯಾಚಿನಲ್ಲಿದ್ದ, ಮೀನುಗಾರರ ಮನೆಯವನು, ನಡೆಯುವ ಮೊದಲೇ ಈಜು ಕಲಿತವನು. ಅವನು ತಲೆ ಮುಂದೆ ಮಾಡಿ ಚೆಂದಕ್ಕೆ ಡೈವ್ ಹೊಡೆದ. ಮಾಸ್ತರು ಅವನೊಬ್ಬನನ್ನೇ ಮತ್ತೆ ಮತ್ತೆ ಹತ್ತಿಸಿ ಇಳಿಸಿದರು.

ಹೊತ್ತಿ ಉರಿದ ಮಾರೊ ಕ್ಯಾಸಲ್ ಆಸ್ಬರಿ ಪಾರ್ಕ್ ಎಂಬ ಊರಿನ ಕಡಲದಂಡೆಗೇ ಬಂದು ತಾಗಿ ನಿಂತಿತು. ಜನ ರೈಲು ಹತ್ತಿ ನೋಡಲು ಬಂದರು, ಪೋಸ್ಟ್‌ಕಾರ್ಡ್ ಮಾರಾಟ ಆಯಿತು. 1929ರಲ್ಲಿ ಎರಡನೇ ಸೋಲಾಸ್ ಸಿದ್ಧವಾಗಿದ್ದರೂ ಅಮೆರಿಕ ಅದನ್ನು ಒಪ್ಪಿಕೊಂಡದ್ದು ಈ ಬೆಂಕಿಯ ನಂತರ, 1936ರಲ್ಲಿ.

ಆಮೇಲಿನ ಪುಸ್ತಕಗಳು 1948, 1960 ಮತ್ತು 1974ರವು. ಕೊನೆಯದೇ ತಿದ್ದುಪಡಿಯ ಮೇಲೆ ತಿದ್ದುಪಡಿ ಹೊತ್ತು ಇವತ್ತಿಗೂ ನಡೆಯುತ್ತಿದೆ. ಇದರ ನಡುವೆ 1956ರ ಜುಲೈನಲ್ಲಿ ನ್ಯಾಂಟಕೆಟ್ ಬಳಿ ಡಿಕ್ಕಿಯಾದ ಆಂಡ್ರಿಯಾ ಡೋರಿಯಾ ಒಂದೇ ಪಕ್ಕಕ್ಕೆ ಎಷ್ಟು ವಾಲಿತೆಂದರೆ ಮೇಲೆದ್ದ ಬದಿಯ ಎಂಟೂ ದೋಣಿಗಳು ಇದ್ದೂ ಇಲ್ಲದಂತಾದವು. 1980ರ ಅಕ್ಟೋಬರಿನಲ್ಲಿ ಅಲಾಸ್ಕಾದ ಕೊಲ್ಲಿಯಲ್ಲಿ ಪ್ರಿನ್ಸೆಂಡಾಮ್‌ಗೆ ಬೆಂಕಿ ಬಿದ್ದಾಗ ಪ್ರಯಾಣಿಕರಲ್ಲಿ ಬಹಳ ಮಂದಿ ಮುದುಕರು. ಒಂದು ಟ್ಯಾಂಕರ್ ನೆರವಿಗೆ ಬಂತು, ಕೋಸ್ಟ್ ಗಾರ್ಡಿನ ಹೆಲಿಕಾಪ್ಟರುಗಳು ಬಂದವು, ಸುಮಾರು 520 ಜನರಲ್ಲಿ ಒಬ್ಬರೂ ಸಾಯಲಿಲ್ಲ. ಆದರೆ 1990ರ ಏಪ್ರಿಲ್ 7ರ ಬೆಂಕಿಯಲ್ಲಿ, ಓಸ್ಲೊದಿಂದ ಹೊರಟಿದ್ದ ಸ್ಕ್ಯಾಂಡಿನೇವಿಯನ್ ಸ್ಟಾರ್‌ನಲ್ಲಿ 159 ಮಂದಿ ಸತ್ತರು, ಹೆಚ್ಚಿನವರು ಹೊಗೆ ಕುಡಿದು. ಆ ದಾರಿಗೆ ಅವಸರದಲ್ಲಿ ತಂದ ಹಡಗು ಅದು. ಸಿಬ್ಬಂದಿಯಲ್ಲಿ ಬಹಳಷ್ಟು ಜನ ಹೊಸಬರು, ತಮ್ಮದೇ ಹಡಗಿನ ಓಣಿಗಳ ಗುರುತು ಅವರಿಗಿರಲಿಲ್ಲ, ಡ್ರಿಲ್ ನಡೆದಿರಲಿಲ್ಲ. ಮರುವರ್ಷ ಆಗಸ್ಟಿನಲ್ಲಿ ದಕ್ಷಿಣ ಆಫ್ರಿಕಾದ ಕರಾವಳಿಯಲ್ಲಿ ಓಶಿಯಾನೋಸ್ ಮುಳುಗುವಾಗ ಕ್ಯಾಪ್ಟನ್ ಮೊದಲೇ ಹೆಲಿಕಾಪ್ಟರ್ ಹತ್ತಿ ಹೋಗಿದ್ದ. ರೇಡಿಯೊ ಹಿಡಿದು ಸಹಾಯ ಕೇಳಿ, ಪ್ರಯಾಣಿಕರನ್ನು ಒಬ್ಬೊಬ್ಬರಾಗಿ ಮೇಲೆ ಕಳಿಸಿದವನು ಹಡಗಿನ ಗಿಟಾರ್ ವಾದಕ ಮಾಸ್ ಹಿಲ್ಸ್. 571 ಜನರೂ ಬದುಕಿದರು. ಪಿಯಾನೊದವನಿಗೂ ಕೆಲಸ ಹಚ್ಚುವುದು ಸುಮ್ಮನೆ ಅಲ್ಲ.

ಹಾಗೆಂದು ಸೋಲಾಸ್ ಪುಸ್ತಕ ಎಲ್ಲ ನೀರಿಗೂ ಅಲ್ಲ. ಅದು ದೇಶ ದೇಶಗಳ ನಡುವಿನ ಯಾನಕ್ಕೆ. ಮಾಟುಂಗದ ಹೋಟೆಲಿಗೆ ಬರುತ್ತಿದ್ದ ಹಿರಿಯರು ರಾಮದಾಸ್ ಹಡಗಿನ ಕಥೆ ಹೇಳುತ್ತಿದ್ದರು. 1947ರ ಜುಲೈ 17ರಂದು ಬೊಂಬಾಯಿಯಿಂದ ರೇವಸ್‌ಗೆ ಹೊರಟು ಮಳೆಗಾಳಿಗೆ ಮಗುಚಿ, 600ಕ್ಕೂ ಹೆಚ್ಚು ಜನ ಹೋದರು. ಒಂದೆರಡು ಗಂಟೆಯ ದಾರಿ, ಹಬ್ಬಕ್ಕೆ ಊರಿಗೆ ಹೊರಟ ಜನ. ಡ್ರಿಲ್ಲಿನ ಮಾತೆಲ್ಲಿಂದ ಬರಬೇಕು.

ನಾನು ಹಡಗು ಸೇರಿದಾಗ ಇದ್ದ ನಿಯಮ ಹೀಗೆ: ಪ್ರಯಾಣಿಕರು 24 ಗಂಟೆಗಿಂತ ಹೆಚ್ಚು ಹೊತ್ತು ಹಡಗಿನಲ್ಲಿ ಇರುವವರಾದರೆ, ಅವರು ಹತ್ತಿದ 24 ಗಂಟೆಯೊಳಗೆ ಒಮ್ಮೆ ಸ್ಟೇಷನ್ನಿನಲ್ಲಿ ಸೇರಿಸಬೇಕು. ಸಾಗರ ದಾಟುವ ಹಳೆಯ ಲೈನರುಗಳ ಕಾಲಕ್ಕೆ ಇದು ಹೊಂದುತ್ತದೆ. ಟೈಟಾನಿಕ್ಕೇ ಸೌತಾಂಪ್ಟನ್ನಿನಲ್ಲಿ ಒಂದಷ್ಟು ಜನರನ್ನು, ಶೆರ್ಬೂರ್ಗಿನಲ್ಲಿ ಒಂದಷ್ಟನ್ನು, ಮರುದಿನ ಕ್ವೀನ್ಸ್‌ಟೌನಿನಲ್ಲಿ ಇನ್ನಷ್ಟನ್ನು ಹತ್ತಿಸಿಕೊಂಡು ಆಮೇಲೆ ಅಟ್ಲಾಂಟಿಕ್ಕಿಗೆ ಮುಖ ಮಾಡಿದ್ದು. ಎಲ್ಲರೂ ಬಂದ ಮೇಲೆ ಒಮ್ಮೆಗೇ ಮಾಡಿದರಾಯಿತು ಎನ್ನುವ ಲೆಕ್ಕ. ನಮ್ಮ ಕಂಪನಿಯಲ್ಲಿ ಹೊರಡುವ ಮೊದಲೇ ಮಾಡಿಸುತ್ತಿದ್ದೆವು. ಮಾಡಿಸದವರೂ ಇದ್ದರು, ಅದು ತಪ್ಪೂ ಅಲ್ಲ.

ಆಗಿನ ಡ್ರಿಲ್ ಒಂದು ಜಾತ್ರೆ. ಏಳು ಗಿಡ್ಡ ಕೂಗು, ಒಂದು ಉದ್ದ ಕೂಗು. ಲಿಫ್ಟ್ ಬಂದ್, ಬಾರ್ ಬಂದ್. ಕ್ಯಾಬಿನ್ನಿನಲ್ಲಿಟ್ಟ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಎಲ್ಲರೂ ಮೆಟ್ಟಿಲಿಳಿದು ಬರಬೇಕು. ಹಿಂದಿನವರ ಕಾಲು ಮುಂದಿನವರ ಪಟ್ಟಿಗೆ ಸಿಕ್ಕಿ ಮುಗ್ಗರಿಸುವುದು, ಮಕ್ಕಳು ವಿಸಿಲ್ ಊದುವುದು, ಕೈಯಲ್ಲಿ ಬಣ್ಣದ ಗ್ಲಾಸು ಹಿಡಿದವರು ಅದನ್ನು ಬಿಡಲೂ ಆಗದೆ ಕುಡಿಯಲೂ ಆಗದೆ ನಿಲ್ಲುವುದು. ಮೇಲೆ ರೂಮ್ ಸ್ಟೀವರ್ಡುಗಳು ಒಂದೊಂದೇ ಬಾಗಿಲು ತೆರೆದು, ಬಾತ್‌ರೂಮನ್ನೂ ನೋಡಿ, ಖಾಲಿ ಎಂದು ಬಾಗಿಲಿಗೆ ಗುರುತು ಇಟ್ಟು ಬರುತ್ತಾರೆ. ಕೆಳಗೆ ನಾನು ನಂಬರ್ ಕೂಗುತ್ತೇನೆ. ಉತ್ತರ ಬಾರದ ಕ್ಯಾಬಿನ್ನಿನ ಮುಂದೆ ಗೆರೆ. ಎಲ್ಲ ಗೆರೆ ಮುಗಿಯುವವರೆಗೂ ಬಂದವರು ನಿಲ್ಲಬೇಕು, ಅಂದರೆ ಬಾರದ ಒಬ್ಬನಿಗಾಗಿ ಬಂದ ನೂರೈವತ್ತು ಜನರ ಬೈಗುಳ ನನ್ನ ಪಾಲಿಗೆ. ಜಾಕೆಟ್ ತೊಟ್ಟು ಬರುವ ಪದ್ಧತಿ ಆಮೇಲೆ ಹಲವು ಕಡೆ ನಿಂತಿತು. ಅಪಾಯ ಕಲಿಸಲು ಹೋಗಿ ಮೆಟ್ಟಿಲಲ್ಲಿ ಕಾಲು ಮುರಿಸುವುದು ಬೇಡ ಎಂದು. 2009ರಲ್ಲಿ ಬಂದ ಒಯಾಸಿಸ್ ಆಫ್ ದಿ ಸೀಸ್‌ನಂಥ ದೈತ್ಯ ಹಡಗಿನಲ್ಲಿ ಜಾಕೆಟ್ಟುಗಳನ್ನು ಕ್ಯಾಬಿನ್ನಿನ ಬದಲು ಸ್ಟೇಷನ್ನಿನಲ್ಲೇ ಇಟ್ಟರು.

24 ಗಂಟೆಯ ನಿಯಮಕ್ಕೆ ಕೊನೆ ಬಂದದ್ದು ಇಟಲಿಯಲ್ಲಿ. ಕೋಸ್ಟಾ ಕಾಂಕಾರ್ಡಿಯಾ ಮೆಡಿಟರೇನಿಯನ್ನಿನಲ್ಲಿ ಏಳು ದಿನದ ಸುತ್ತು ಹೊಡೆಯುತ್ತಿದ್ದ ಹಡಗು. ಅಮೆರಿಕದ ಹಡಗುಗಳ ಹಾಗೆ ಒಂದೇ ಬಂದರಿನಲ್ಲಿ ಎಲ್ಲರೂ ಇಳಿದು ಎಲ್ಲರೂ ಹತ್ತುವ ಕ್ರಮ ಅಲ್ಲಿಲ್ಲ. ಒಬ್ಬರ ಯಾನ ಸವೋನಾದಲ್ಲಿ ಶುರು, ಇನ್ನೊಬ್ಬರದು ಬಾರ್ಸಿಲೋನಾದಲ್ಲಿ. ಯಾವ ದಿನ ನೋಡಿದರೂ ಒಂದಷ್ಟು ಹಳಬರು, ಒಂದಷ್ಟು ಹೊಸಬರು. 2012ರ ಜನವರಿ 13ರ ಶುಕ್ರವಾರ ಸಂಜೆ ಏಳು ಗಂಟೆ ದಾಟಿದ ಮೇಲೆ ಅದು ಚಿವಿಟವೆಕಿಯಾ ಬಂದರು ಬಿಟ್ಟಿತು. ಅಲ್ಲಿ ಹೊಸದಾಗಿ ಹತ್ತಿದ್ದವರು ಸುಮಾರು ಏಳುನೂರು ಮಂದಿ. ಅವರ ಡ್ರಿಲ್ ಮರುದಿನಕ್ಕೆ ಗೊತ್ತಾಗಿತ್ತು. ನಿಯಮದ ಪ್ರಕಾರ ಅದರಲ್ಲಿ ತಪ್ಪಿರಲಿಲ್ಲ. ರಾತ್ರಿ 9.45ಕ್ಕೆ, ಜನ ಊಟಕ್ಕೆ ಕೂತಿದ್ದಾಗ, ಜಿಲಿಯೊ ದ್ವೀಪದ ಬಂಡೆ ಹಡಗಿನ ಹೊಟ್ಟೆ ಸೀಳಿತು.

ನಮ್ಮ ಕ್ರ್ಯೂ ಮೆಸ್ಸಿನ ಟೀವಿಯಲ್ಲಿ ಅದನ್ನು ನೋಡುತ್ತಾ ಕೂತವರಲ್ಲಿ ನಾನೂ ಒಬ್ಬ. ದಡಕ್ಕೆ ಒರಗಿ ಮಲಗಿದ ಹಡಗನ್ನು ಕಂಡು ಯಾರೂ ಮಾತಾಡಲಿಲ್ಲ, ಎಲ್ಲರೂ ಎಣಿಸುತ್ತಿದ್ದದ್ದು ಒಂದೇ: ಯಾವ ಬದಿಯ ದೋಣಿ ಇಳಿದಿದೆ, ಯಾವುದು ಇಳಿದಿಲ್ಲ. ಆಮೇಲೆ ಗೊತ್ತಾದ ಸಂಗತಿಗಳು ಇನ್ನೂ ಕೆಟ್ಟವು. ಕರೆಂಟ್ ಹೋಗಿದೆ ಅಷ್ಟೇ ಎಂದು ಪ್ರಯಾಣಿಕರಿಗೆ ಅನೌನ್ಸ್‌ಮೆಂಟ್ ಮಾಡಿದ್ದರು. ಜಾಕೆಟ್ ತೊಟ್ಟು ಬಂದು ನಿಂತವರಿಗೆ ಕ್ಯಾಬಿನ್ನಿಗೆ ಹೋಗಿ ಎಂದು ಸಿಬ್ಬಂದಿಯಲ್ಲೇ ಒಬ್ಬರು ಹೇಳುವ ವಿಡಿಯೊ ಇದೆ. ಏಳು ಗಿಡ್ಡ ಒಂದು ಉದ್ದ ಕೂಗು ಕೇಳಿದ್ದು ಹತ್ತೂವರೆ ದಾಟಿದ ಮೇಲೆ, ಬಂಡೆ ತಾಗಿ ಮುಕ್ಕಾಲು ಗಂಟೆ ಕಳೆದು. ಅಷ್ಟರಲ್ಲಿ ಹಡಗು ವಾಲತೊಡಗಿತ್ತು. 4,229 ಜನರಲ್ಲಿ 32 ಮಂದಿ ಹೋದರು. ಕ್ಯಾಪ್ಟನ್ ಫ್ರಾಂಚೆಸ್ಕೊ ಸ್ಕೆಟೀನೊಗೆ 16 ವರ್ಷ ಜೈಲಾಯಿತು. ಎಲ್ಲರಿಗಿಂತ ಕೊನೆಗೆ, 2014ರ ನವೆಂಬರಿನಲ್ಲಿ ಸಿಕ್ಕ ದೇಹ ನಮ್ಮ ದೇಶದ ಒಬ್ಬ ವೇಟರನದು. ನನ್ನದೇ ಕೆಲಸ, ನನ್ನ ಹಾಗೇ ಮುಂಬಯಿಯಿಂದ ಹಡಗಿಗೆ ಹೋದವನು.

ನಿಯಮ ಬರೆಯುವವರಿಗೆ ಈ ಸಲ ಇಪ್ಪತ್ತು ವರ್ಷ ಬೇಕಾಗಲಿಲ್ಲ. 2012ರ ಫೆಬ್ರವರಿ 9ರಂದೇ ಕ್ರೂಸ್ ಕಂಪನಿಗಳ ಸಂಘ, ಇನ್ನು ಮುಂದೆ ಬಂದರು ಬಿಡುವ ಮೊದಲೇ ಡ್ರಿಲ್ ಮುಗಿಸುತ್ತೇವೆ, ತಡವಾಗಿ ಬಂದವರಿಗೆ ಬೇರೆಯಾಗಿ ಹೇಳಿಕೊಡುತ್ತೇವೆ ಎಂದು ತಾನಾಗಿ ಒಪ್ಪಿಕೊಂಡಿತು. 2013ರ ಜೂನಿನಲ್ಲಿ ಸೋಲಾಸ್‌ಗೆ ತಿದ್ದುಪಡಿ ಆಯಿತು, 2015ರ ಜನವರಿ 1ರಿಂದ ಜಾರಿ. ಹೊಸದಾಗಿ ಹತ್ತಿದ ಪ್ರಯಾಣಿಕರನ್ನು ಹಡಗು ಹೊರಡುವ ಮೊದಲು, ಇಲ್ಲವೇ ಹೊರಟ ತಕ್ಷಣ, ಸ್ಟೇಷನ್ನಿನಲ್ಲಿ ಸೇರಿಸತಕ್ಕದ್ದು.

ಹೊಸದಾಗಿ ಹತ್ತಿದವರನ್ನು. ಬ್ಯಾಕ್ ಟು ಬ್ಯಾಕ್ ಮಂದಿ ಇಲ್ಲೇ ನುಸುಳಿಕೊಳ್ಳುವುದು. ಹೋದ ವಾರ ಹತ್ತಿದವರು ಈ ವಾರ ಹೊಸಬರು ಹೇಗಾಗುತ್ತಾರೆ? ಅಂತರರಾಷ್ಟ್ರೀಯ ನಿಯಮ ಅವರನ್ನು ಮತ್ತೆ ಕರೆಯಲೇಬೇಕು ಎನ್ನುವುದಿಲ್ಲ. ಹಾಗಾಗಿ ತೀರ್ಮಾನ ಕಂಪನಿಯದು. ಕೆಲವರು ಯಾನ ಹೊಸದು, ಡ್ರಿಲ್ಲೂ ಹೊಸದು ಎಂದು ಎಲ್ಲರನ್ನೂ ಕರೆಯುತ್ತಾರೆ. ಕೆಲವರು ಬಿಡುತ್ತಾರೆ. ಒಂದೇ ಕಂಪನಿಯ ಎರಡು ಹಡಗುಗಳಲ್ಲಿ ಎರಡು ರೀತಿ ಇರುವುದೂ ಉಂಟು, ಕ್ಯಾಪ್ಟನ್ ಹೇಳಿದ್ದೇ ಕೊನೆ. ಬಾರದವರನ್ನು ಬಂದರಿನಲ್ಲೇ ಇಳಿಸುವ ಹಕ್ಕು ಅವರಿಗಿದೆ. ಇದೇ ಕಾರಣಕ್ಕೆ ಪ್ರಶ್ನೆ ಪ್ರತಿ ವಾರ ಹುಟ್ಟುತ್ತದೆ, ಮತ್ತು ಇನ್ನೊಂದು ಹಡಗಿನಲ್ಲಿ ಬಿಟ್ಟಿದ್ದರು ಎನ್ನುವ ವಾದ ಅದರ ಬೆನ್ನಿಗೇ ಬರುತ್ತದೆ.

ಬಿಡುವುದರಲ್ಲಿ ತರ್ಕ ಇಲ್ಲವೆಂದಲ್ಲ. ಏಳು ದಿನದಲ್ಲಿ ಯಾರೂ ವಿಸಿಲ್ ಊದುವುದು ಮರೆಯುವುದಿಲ್ಲ. ಆದರೂ ಬಿಡಬಾರದು ಎನ್ನುವವನು ನಾನು. ಒಮ್ಮೆ ವಯಸ್ಸಾದ ದಂಪತಿ, ಅವರೂ ಬ್ಯಾಕ್ ಟು ಬ್ಯಾಕ್, ನನ್ನ ಮೇಜಿನಲ್ಲೇ ಊಟಕ್ಕೆ ಕೂರುವವರು, ದಾರಿಯಲ್ಲಿ ತಡೆದು ಅದೇ ಮಾತು ತೆಗೆದರು. "ನಿಮ್ಮ ಸ್ಟೇಷನ್ ಯಾವುದು ಸರ್?" ಎಂದೆ. "ಸಿ. ನಿಮ್ಮದೇ ಅಲ್ಲವಾ?" ಎಂದು ಅವರು ನಕ್ಕರು. ಕಾರ್ಡ್ ತೆಗೆದು ನೋಡಿದರೆ ಅದರಲ್ಲಿ 'ಎ' ಎಂದಿತ್ತು. ಎರಡನೇ ವಾರಕ್ಕೆ ಅದೇ ಕ್ಯಾಬಿನ್ ಸಿಕ್ಕಿರಲಿಲ್ಲ, ಬೆಳಿಗ್ಗೆ ಹಡಗಿನ ಹಿಂಬದಿಯಿಂದ ಮುಂಬದಿಗೆ ಸಾಮಾನು ಸಾಗಿಸಿದ್ದರು. ಇದು ಅಪರೂಪವೇನಲ್ಲ, ಬೇರೆ ಬೇರೆಯಾಗಿ ಕೊಂಡ ಎರಡು ಟಿಕೆಟ್ಟಿಗೆ ಎರಡು ಕ್ಯಾಬಿನ್ ಬರುವುದು ದಿನದ ಮಾತು. ಕ್ಯಾಬಿನ್ ಬದಲಾದರೆ ಸ್ಟೇಷನ್ ಬದಲಾಗುತ್ತದೆ, ದೋಣಿ ಬದಲಾಗುತ್ತದೆ. ಹೊಗೆ ತುಂಬಿದ ಓಣಿಯಲ್ಲಿ ಹೊಸಬರು ಬಾಣದ ಗುರುತು ನೋಡಿ ನಡೆಯುತ್ತಾರೆ. ದಾರಿ ಗೊತ್ತಿದೆ ಎಂದುಕೊಂಡವರು ಹೋದ ವಾರದ ದಾರಿ ಹಿಡಿಯುತ್ತಾರೆ. ಇತ್ತ 'ಸಿ'ಯಲ್ಲಿ ಅವರ ಹೆಸರಿಲ್ಲ, ಅತ್ತ 'ಎ'ಯಲ್ಲಿ ಅವರ ಹೆಸರಿನ ಮುಂದೆ ಗೆರೆ. ಇಲ್ಲದ ಇಬ್ಬರನ್ನು ಹುಡುಕಲು ಯಾರೋ ಒಬ್ಬ ಸ್ಟೀವರ್ಡ್ ಹೊಗೆಯೊಳಗೆ ಹೋಗಬೇಕು.

ನಮ್ಮ ಕಡೆಯಿಂದಲೂ ಒಂದು ಮಾತಿದೆ. ಟರ್ನ್‌ಅರೌಂಡ್ ದಿನ ಬದಲಾಗುವುದು ಪ್ರಯಾಣಿಕರು ಮಾತ್ರವಲ್ಲ. ಹೋದ ವಾರ ಮೆಟ್ಟಿಲ ಬಳಿ ನಿಂತಿದ್ದವನು ಈಗ ಊರಿಗೆ ಹೋಗುವ ವಿಮಾನದಲ್ಲಿರುತ್ತಾನೆ. ಅವನ ಜಾಗಕ್ಕೆ ಅದೇ ಬೆಳಿಗ್ಗೆ ಬ್ಯಾಗ್ ಹೊತ್ತು ಬಂದವನು. ಸಿಬ್ಬಂದಿಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಜನ ಹಿಂದಿನ ತಿಂಗಳು ಆ ಹಡಗಿನ ಡ್ರಿಲ್ಲಿನಲ್ಲಿ ಇರದಿದ್ದರೆ, ಬಂದರು ಬಿಟ್ಟ 24 ಗಂಟೆಯೊಳಗೆ ಸಿಬ್ಬಂದಿಗೇ ಬೇರೆ ಡ್ರಿಲ್ ಮಾಡಿಸಬೇಕೆಂದು ಸೋಲಾಸ್ ಹೇಳುತ್ತದೆ. ಸ್ಕ್ಯಾಂಡಿನೇವಿಯನ್ ಸ್ಟಾರ್ ನೆನಪಿದ್ದವರಿಗೆ ಈ ಸಾಲು ಯಾಕೆ ಬೇಕೆಂದು ಹೇಳಬೇಕಾಗಿಲ್ಲ. ಪ್ರಯಾಣಿಕರು ಬಂದು ನಿಂತರೆ ಆ ಹೊಸ ಹುಡುಗನಿಗೂ ಅಭ್ಯಾಸ.

2020ರಲ್ಲಿ ಕೊರೊನಾ ಬಂದು ಹಡಗುಗಳೆಲ್ಲ ಲಂಗರು ಹಾಕಿದಾಗ ಡ್ರಿಲ್ಲಿನ ರೂಪವೇ ಬದಲಾಯಿತು. ನೂರಾರು ಜನರನ್ನು ಹೆಗಲಿಗೆ ಹೆಗಲು ತಾಗುವಂತೆ ನಿಲ್ಲಿಸುವುದು ಆಗ ಸಾಧ್ಯವಿರಲಿಲ್ಲ. ರಾಯಲ್ ಕೆರಿಬಿಯನ್ ಆ ಜುಲೈನಲ್ಲಿ ಹೊಸ ಕ್ರಮ ಪ್ರಕಟಿಸಿತು, ಬೇರೆಯವರೂ ಆ ದಾರಿ ಹಿಡಿದರು. ಮೊಬೈಲಿನಲ್ಲೋ ಕ್ಯಾಬಿನ್ನಿನ ಟೀವಿಯಲ್ಲೋ ವಿಡಿಯೊ ನೋಡುವುದು, ಪುರುಸೊತ್ತಾದಾಗ ಸ್ಟೇಷನ್ನಿಗೆ ಹೋಗಿ ಕಾರ್ಡ್ ತೋರಿಸಿ ಬರುವುದು. ಕ್ಯಾಬಿನ್ ನಂಬರ್ ಕೂಗುವ ಕೆಲಸ ಹೋಯಿತು. ಟೀವಿಯಲ್ಲಿ ವಿಡಿಯೊ ಓಡುತ್ತಿರುವಾಗ ಆಸಾಮಿ ಸ್ನಾನಕ್ಕೆ ಹೋಗಿರಬಹುದು, ಮೆಷಿನ್ನಿಗೆ ಅದು ತಿಳಿಯುವುದಿಲ್ಲ. ಆದರೆ ಬ್ಯಾಕ್ ಟು ಬ್ಯಾಕ್ ಮಂದಿಯ ಮಟ್ಟಿಗೆ ಇದು ಒಳ್ಳೆಯದೇ ಆಯಿತೆಂದು ಒಪ್ಪಬೇಕು. ವಿಡಿಯೊ ಬಿಟ್ಟರೂ ಸರಿ, ಹೊಸ ಸ್ಟೇಷನ್ನಿನವರೆಗೆ ಒಮ್ಮೆ ನಡೆದು ಬಂದರೆ ನನಗೆ ಬೇಕಾದ್ದು ಆಯಿತು. ಎರಡು ನಿಮಿಷದ ಕೆಲಸ, ಅದಕ್ಕೆ ಜಗಳ ಆಡುವವರು ಕಡಿಮೆ.

ಇನ್ನು ಕೊನೆಯದಾಗಿ, ಯಾರೂ ಓದದ ಒಂದು ಸಾಲು ಸೋಲಾಸ್ ಪುಸ್ತಕದಲ್ಲಿದೆ. ಪ್ರಯಾಣಿಕರ ಹಡಗಿನ ಸಿಬ್ಬಂದಿಗೆ ವಾರಕ್ಕೊಮ್ಮೆ ಹಡಗು ತ್ಯಜಿಸುವ ಡ್ರಿಲ್ ಮತ್ತು ಬೆಂಕಿಯ ಡ್ರಿಲ್ ನಡೆಯಬೇಕು. ಅದಕ್ಕೆ ಪ್ರಯಾಣಿಕರೂ ಬರುವಂತೆ ಬಲವಾಗಿ ಉತ್ತೇಜಿಸಬೇಕು. ಯಾರೂ ಉತ್ತೇಜಿಸುವುದಿಲ್ಲ, ಯಾರೂ ಬರುವುದಿಲ್ಲ. ಬಂದರಿನಲ್ಲಿ ಹಡಗು ನಿಂತು ಜನ ಊರು ನೋಡಲು ಹೋದ ಹೊತ್ತಿಗೇ ಅದನ್ನು ಮುಗಿಸಿಬಿಡುವುದು ವಾಡಿಕೆ. ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ಬರುವ ಹಡಗುಗಳಲ್ಲೂ ಅಷ್ಟೆ: ಪ್ರಯಾಣಿಕರು ಬಸ್ಸು ಹತ್ತಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋಗಿರುತ್ತಾರೆ, ಇತ್ತ ಪಣಂಬೂರಿನ ಕಟ್ಟೆಯ ಪಕ್ಕ ಸಿಬ್ಬಂದಿ ದೋಣಿ ಇಳಿಸುತ್ತಿರುತ್ತಾರೆ. ನಾನು ಕಂಡಂತೆ ಬರುತ್ತಿದ್ದವರು ಒಂದೇ ಒಂದು ಜೋಡಿ, ಅದೂ 'ಎ' ಕಾರ್ಡಿನ ಆ ದಂಪತಿ. ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಬಂದರು, ಒಂದರ ಬೆನ್ನಿಗೊಂದು ಯಾನ ಹಿಡಿದು ತಿಂಗಳುಗಟ್ಟಲೆ ಇರುತ್ತಿದ್ದರು. ಊರು ನೋಡಲು ಇಳಿಯದೆ, ಡೆಕ್ಕಿನ ಮೇಲೆ ಕುರ್ಚಿ ಹಾಕಿಸಿಕೊಂಡು, ಕಾಫಿ ಕುಡಿಯುತ್ತಾ ನಮ್ಮ ಡ್ರಿಲ್ ನೋಡುವುದು ಅವರಿಗೊಂದು ಹವ್ಯಾಸವಾಗಿತ್ತು. ಒಂದು ದಿನ ಆಯಮ್ಮ ನಮ್ಮ ಬೋಸನ್ನನ್ನೇ, ಅಂದರೆ ಡೆಕ್ಕಿನ ಮೇಸ್ತ್ರಿಯನ್ನೇ, ಕರೆದು, ಎಂಟನೇ ನಂಬರಿನ ದೋಣಿ ಹೋದ ವಾರಕ್ಕಿಂತ ನಿಧಾನ ಇಳಿಯಿತು ಎಂದರು. ಬೋಸನ್ ಮುಖ ಗಂಟಿಕ್ಕಿದ. ಆಮೇಲೆ ಹೋಗಿ ವಿಂಚಿನ ಬ್ರೇಕ್ ಬಿಚ್ಚಿಸಿ ನೋಡಿದ.